ಸಕುರಾಬಾ ಯಾಕೆ ಬೇಗ ನಿಲ್ಲಿಸಲಿಲ್ಲ ಎಂದು ಕೇಳುವವರಿಗೆ

ಜಪಾನಿನ ಹಳೆಯ ಎಂಎಂಎ (ಗುದ್ದು, ಒದೆತ, ಕುಸ್ತಿಯ ಪಟ್ಟು ಎಲ್ಲವೂ ಸೇರಿದ ಕಾಳಗ) ಪಂದ್ಯಗಳ ಬಗ್ಗೆ ನಾನು ಬರೆಯುತ್ತೇನೆಂದು ತಿಳಿದವರು ಕಜುಶಿ ಸಕುರಾಬಾ ಅವರ ಹೆಸರೆತ್ತುತ್ತಾರೆ, ಹೆಸರೆತ್ತಿದ ಮರುಗಳಿಗೆಯೇ ಅದೇ ಪ್ರಶ್ನೆಯನ್ನು ಕೇಳುತ್ತಾರೆ: ಅಷ್ಟು ಹೆಸರು ಮಾಡಿದ ಮನುಷ್ಯ ಸರಿಯಾದ ಹೊತ್ತಿಗೆ ಯಾಕೆ ನಿಲ್ಲಿಸಲಿಲ್ಲ? ಕೆಲವರು ಮರುಕದಿಂದ ಕೇಳುತ್ತಾರೆ. ಕೆಲವರು 26 ಗೆಲುವು, 17 ಸೋಲು ಎಂಬ ಲೆಕ್ಕವನ್ನು ಮುಂದಿಟ್ಟು, ಆ ಸೋಲುಗಳಲ್ಲಿ ಬಹುಪಾಲು 2001ರ ನಂತರದವು ಎಂದು ತೋರಿಸಿ ಕೇಳುತ್ತಾರೆ. ಇನ್ನು ಕೆಲವರು "ಮರ್ಯಾದೆಯಾಗಿ ಮನೆಗೆ ಹೋಗಬಹುದಿತ್ತು" ಎನ್ನುತ್ತಾರೆ. ಈ ಕೊನೆಯ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ ಎಂದು ನನ್ನ ಅಭಿಪ್ರಾಯ. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಆ ಮನುಷ್ಯ ಯಾರೆಂದು ಹೇಳಿಬಿಡುತ್ತೇನೆ, ಏಕೆಂದರೆ ಪ್ರಶ್ನೆ ಕೇಳುವವರಲ್ಲಿ ಅರ್ಧದಷ್ಟು ಜನಕ್ಕೆ ಅವರು ಸೋತದ್ದು ಮಾತ್ರ ಗೊತ್ತಿರುತ್ತದೆ. 1969ರಲ್ಲಿ ಅಕಿತಾ ಪ್ರಾಂತ್ಯದಲ್ಲಿ ಹುಟ್ಟಿದ ಸಕುರಾಬಾ, ಟೋಕಿಯೊದ ಚುವೊ ವಿಶ್ವವಿದ್ಯಾಲಯದಲ್ಲಿ ಕುಸ್ತಿಪಟುವಾಗಿದ್ದರು. 1992ರಲ್ಲಿ ನೊಬುಹಿಕೊ ತಕಾಡಾ ಅವರ ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್ ಸಂಸ್ಥೆಗೆ ಸೇರಿದರು. ಅಲ್ಲಿನ ಪಂದ್ಯಗಳ ಫಲಿತಾಂಶ ಮೊದಲೇ ನಿಗದಿಯಾಗಿರುತ್ತಿತ್ತಾದರೂ ಅಲ್ಲಿ ಕಲಿಸುತ್ತಿದ್ದ ಪಟ್ಟುಗಳು ಪ್ರದರ್ಶನಕ್ಕಷ್ಟೇ ಇದ್ದವಲ್ಲ. ಇಂಗ್ಲೆಂಡಿನ ವಿಗನ್ ಊರಿನ ಗರಡಿಯಲ್ಲಿ ಪಳಗಿದ ಬಿಲ್ಲಿ ರಾಬಿನ್ಸನ್ ಅಲ್ಲಿ ಗುರುವಾಗಿದ್ದರು. ಕೈಯನ್ನು ಬೆನ್ನ ಹಿಂದಕ್ಕೆ ತಿರುಚುವ ಪಟ್ಟನ್ನು ಎಲ್ಲಿಂದ ಬೇಕಾದರೂ ಹಿಡಿಯುವ ವಿದ್ಯೆ ಸಕುರಾಬಾ ಅವರಿಗೆ ದಕ್ಕಿದ್ದು ಆ ಕಾಲದಲ್ಲಿ.

1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ ನಡೆದ ಪ್ರೈಡ್ ಎಂಬ ಜಪಾನಿ ಎಂಎಂಎ ಸಂಸ್ಥೆಯ ಮೊದಲ ಪಂದ್ಯಾವಳಿಯಲ್ಲಿ, ಬ್ರೆಜಿಲ್‌ನ ಜಿಯು-ಜಿತ್ಸು ಎಂಬ ಪಟ್ಟುಗಳ ವಿದ್ಯೆಗೆ ಹೆಸರಾದ ಗ್ರೇಸಿ ಕುಟುಂಬದ ರಿಕ್ಸನ್ ಅವರು ತಕಾಡಾ ಅವರನ್ನು ಸುಲಭವಾಗಿ ಸೋಲಿಸಿದರು. ಜಪಾನಿನ ವೃತ್ತಿಪರ ಕುಸ್ತಿಯವರೆಲ್ಲ ಬರೀ ನಟರು ಎಂಬ ಮಾತು ಅಂದು ಗಟ್ಟಿಯಾಗಿ ನಿಂತಿತು. ಎರಡು ತಿಂಗಳ ನಂತರ, ಡಿಸೆಂಬರ್ 21ರಂದು, ಯೊಕೊಹಾಮಾದಲ್ಲಿ ನಡೆದ ಅಮೆರಿಕದ ಎಂಎಂಎ ಸಂಸ್ಥೆ ಯುಎಫ್‌ಸಿಯ ಪಂದ್ಯಾವಳಿಯಲ್ಲಿ ಸಕುರಾಬಾ ತಮಗಿಂತ ಬಹಳ ದಪ್ಪನೆಯ ಮಾರ್ಕಸ್ ಸಿಲ್ವೇರಾ ಅವರ ಎದುರು ನಿಂತರು. ಏಟುಗಳ ನಡುವೆ ಕಾಲು ಹಿಡಿಯಲು ಸಕುರಾಬಾ ಕೆಳಗೆ ಬಾಗಿದ್ದನ್ನು ರೆಫರಿ ಜಾನ್ ಮೆಕಾರ್ಥಿ ಪ್ರಜ್ಞೆ ತಪ್ಪಿ ಬಿದ್ದದ್ದೆಂದು ತಿಳಿದು ಪಂದ್ಯವನ್ನು ನಿಲ್ಲಿಸಿಬಿಟ್ಟರು. ಸಕುರಾಬಾ ಕಣದಿಂದ ಹೊರಬರಲಿಲ್ಲ. ದೃಶ್ಯವನ್ನು ಮತ್ತೆ ನೋಡಿದ ಮೇಲೆ ತೀರ್ಪು ರದ್ದಾಯಿತು, ಅದೇ ರಾತ್ರಿ ಇಬ್ಬರೂ ಮತ್ತೆ ಸೆಣಸಿದರು, ಸಕುರಾಬಾ ತೋಳಿನ ಪಟ್ಟು ಹಾಕಿ ಗೆದ್ದರು. ಗೆದ್ದ ಮೇಲೆ, ವೃತ್ತಿಪರ ಕುಸ್ತಿಯವರು ನಿಜಕ್ಕೂ ಬಲಶಾಲಿಗಳು ಎಂದು ಮೈಕಿನಲ್ಲಿ ಹೇಳಿದರು. ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುವವರು ಈ ರಾತ್ರಿಯನ್ನು ಮರೆಯಬಾರದು. ಅಂದು ಅವರು ನಿಲ್ಲಿಸಿದ್ದರೆ, ರೆಫರಿಯ ಮಾತಿಗೆ ತಲೆಬಾಗಿ ಹೊರಟಿದ್ದರೆ, ಇಂದು ನೀವು ನನ್ನನ್ನು ಕೇಳಲು ಸಕುರಾಬಾ ಎಂಬ ಹೆಸರೇ ಇರುತ್ತಿರಲಿಲ್ಲ.

ಪ್ರೈಡ್‌ನಲ್ಲಿ ಅವರು ಗ್ರೇಸಿ ಕುಟುಂಬದ ನಾಲ್ವರನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ ಕಥೆಯಲ್ಲಿ ಪಂದ್ಯಗಳನ್ನು ನಿಲ್ಲಿಸಿದವರು ಯಾರು ಎಂದು ನೋಡುವವರು ಕಡಿಮೆ. 1999ರ ನವೆಂಬರ್‌ನಲ್ಲಿ ರಾಯ್ಲರ್ ಗ್ರೇಸಿ ಅವರ ತೋಳು ತಿರುಚಿದಾಗ ರಾಯ್ಲರ್ ಸೋಲೊಪ್ಪಲಿಲ್ಲ, ರೆಫರಿಯೇ ನಿಲ್ಲಿಸಿದರು. ರಾಯ್ಲರ್ ಬಹಳ ಹಗುರ ತೂಕದವರು, ಆ ಪಂದ್ಯದಲ್ಲಿ ಅನುಕೂಲ ಸಕುರಾಬಾ ಅವರಿಗಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮವನು ಸೋಲೊಪ್ಪಿರಲಿಲ್ಲ ಎಂದು ಗ್ರೇಸಿ ಕುಟುಂಬ ತಕರಾರು ತೆಗೆಯಿತು. ಮುಂದಿನ ವರ್ಷ ರಾಯ್ಸ್ ಗ್ರೇಸಿ ಅವರು ಕಣಕ್ಕಿಳಿಯುವಾಗ ಆ ತಕರಾರೇ ನಿಯಮವಾಯಿತು: ಹದಿನೈದು ನಿಮಿಷದ ಸುತ್ತುಗಳು ಎಷ್ಟಾದರೂ ನಡೆಯಬಹುದು, ಅಂಕದ ತೀರ್ಪಿಲ್ಲ, ರೆಫರಿ ತಾನಾಗಿ ಪಂದ್ಯ ನಿಲ್ಲಿಸುವಂತಿಲ್ಲ.

2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ಆ ಪಂದ್ಯ 90 ನಿಮಿಷ ನಡೆಯಿತು. ಮುಖವಾಡ ತೊಟ್ಟ ಮೂವರಲ್ಲಿ ಸಕುರಾಬಾ ಯಾರೆಂದು ತಿಳಿಯದಂತೆ ಅವರು ರಿಂಗಿಗೆ ಬಂದದ್ದು, ರಾಯ್ಸ್ ತೊಟ್ಟ ಜಿಯು-ಜಿತ್ಸು ಅಂಗಿಯನ್ನೇ ಹಿಡಿದೆಳೆದು ಪ್ಯಾಂಟು ಕಳಚಲು ನೋಡಿದ್ದು, ಇವೆಲ್ಲ ನೆನೆದರೆ ಇಂದಿಗೂ ನಗು ಬರುತ್ತದೆ. ಅಷ್ಟು ದೊಡ್ಡ ಭಾರ ಹೊತ್ತ ರಾತ್ರಿಯಲ್ಲಿ ಅಷ್ಟು ಲವಲವಿಕೆಯಿಂದ ಆಡಿದ ಇನ್ನೊಬ್ಬ ಹೋರಾಟಗಾರನನ್ನು ನಾನು ನೋಡಿಲ್ಲ. ಆದರೆ ನಗುವಿನ ಅಡಿಯಲ್ಲಿ ಅವರ ಒದೆತಗಳು ರಾಯ್ಸ್ ಅವರ ಕಾಲನ್ನು ಹಾಳುಮಾಡುತ್ತಲೇ ಇದ್ದವು, ಆರನೆಯ ಸುತ್ತಿನ ಕೊನೆಗೆ ರಾಯ್ಸ್ ಮುಂದುವರಿಯುವ ಸ್ಥಿತಿಯಲ್ಲಿರಲಿಲ್ಲ. ರೆಫರಿ ನಿಲ್ಲಿಸುವಂತಿರಲಿಲ್ಲ, ರಾಯ್ಸ್ ತಾವಾಗಿ ಸೋಲೊಪ್ಪುವವರಲ್ಲ. ಅಣ್ಣ ರೋರಿಯನ್, ಸೋಲೊಪ್ಪಿದ ಗುರುತಾಗಿ, ಟವೆಲ್ ಎಸೆದರು.

ಗ್ರೇಸಿಗಳ ಮನೆಯಲ್ಲಿ ಇದು ಹಳೆಯ ಪದ್ಧತಿ. 1951ರಲ್ಲಿ ರಿಯೊದ ಮರಕಾನಾ ಮೈದಾನದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ ತೋಳು ತಿರುಚುವ ಇದೇ ಪಟ್ಟಿನಿಂದ ರಾಯ್ಸ್ ಅವರ ತಂದೆ ಎಲಿಯೊ ಅವರ ತೋಳು ಮುರಿದಾಗಲೂ ಎಲಿಯೊ ಸೋಲೊಪ್ಪಿರಲಿಲ್ಲ; ಅಂದು ಪಂದ್ಯ ನಿಲ್ಲಿಸಿದ್ದು ಅವರ ಅಣ್ಣ ಕಾರ್ಲೋಸ್. ಒಳಗಿರುವವನು ಒಪ್ಪುವುದಿಲ್ಲ, ಹೊರಗೆ ನಿಂತ ಅಣ್ಣ ನಿಲ್ಲಿಸುತ್ತಾನೆ. ಅದಕ್ಕಾಗಿ ಯಾರೂ ಎಲಿಯೊ ಅವರನ್ನು ಮೂರ್ಖ ಎನ್ನುವುದಿಲ್ಲ, ರಾಯ್ಸ್ ಅವರನ್ನು ಮರ್ಯಾದೆಯಾಗಿ ಮನೆಗೆ ಹೋಗಬೇಕಿತ್ತು ಎನ್ನುವುದಿಲ್ಲ. 2000ದ ಆಗಸ್ಟ್‌ನಲ್ಲಿ ರೆಂಜೊ ಗ್ರೇಸಿ ಅವರ ಮೊಣಕೈ ಕೀಲು ತಪ್ಪಿದರೂ ಅವರು ಸೋಲೊಪ್ಪದೆ ನಿಂತದ್ದನ್ನು ಎಲ್ಲರೂ ಧೈರ್ಯ ಎಂದೇ ಕರೆಯುತ್ತಾರೆ. ಸಕುರಾಬಾ ಅದನ್ನೇ ಮಾಡಿದಾಗ ಅದಕ್ಕೆ ಹಟ ಎಂಬ ಹೆಸರು ಬರುತ್ತದೆ.

ಅದೇ ಮೇ 1ರ ರಾತ್ರಿ, 90 ನಿಮಿಷ ಹೋರಾಡಿದ ಮೈಯಲ್ಲಿ, ಸಕುರಾಬಾ ಅದೇ ಟೂರ್ನಿಯ ಮುಂದಿನ ಪಂದ್ಯದಲ್ಲಿ ಹೆವಿವೇಟ್‌ನ ಇಗೊರ್ ವೊವ್ಚಾಂಚಿನ್ ಅವರೊಂದಿಗೆ ಇನ್ನೂ ಹದಿನೈದು ನಿಮಿಷ ಸೆಣಸಿದರು. ಹೆಚ್ಚುವರಿ ಸುತ್ತಿಗೆ ಮೊದಲು ಅವರ ಕಡೆಯವರೇ ಟವೆಲ್ ಎಸೆದರು. ಸರಿಯಾದ ಕೆಲಸ. ಆಮೇಲಿನ ವರ್ಷಗಳಲ್ಲಿ ಇಂಥ ಟವೆಲ್ ಬರಬೇಕಾದ ಹೊತ್ತಿಗೆ ಬರಲಿಲ್ಲ.

2001ರ ಮಾರ್ಚ್‌ನಿಂದ ಏನಾಯಿತೆಂದು ನೋಡಿ. ನೆಲಕ್ಕೆ ಬಿದ್ದವನ ತಲೆಗೆ ಒದೆಯಲು, ಮೊಣಕಾಲಿನಿಂದ ಹೊಡೆಯಲು ಪ್ರೈಡ್ ಅನುಮತಿ ಕೊಟ್ಟದ್ದು ಅದೇ ತಿಂಗಳ ಪಂದ್ಯಾವಳಿಯಿಂದ. ಏಟು ಬಿದ್ದಾಗ ಕೈಕಾಲೂರಿ ಕಾಲು ಹಿಡಿಯಲು ಹೋಗುವುದು ಕುಸ್ತಿಪಟುವಿನ ರಕ್ತದಲ್ಲೇ ಇರುವ ಅಭ್ಯಾಸ. ಹೊಸ ನಿಯಮ ಆ ಭಂಗಿಯನ್ನೇ ಅತ್ಯಂತ ಅಪಾಯದ ಜಾಗವಾಗಿಸಿತು. ಆ ದಿನ ಸಕುರಾಬಾ ಅವರ ಎದುರು ಇದ್ದವರು ವಾಂಡರ್ಲೇ ಸಿಲ್ವಾ. ಪಂದ್ಯ ಎರಡು ನಿಮಿಷವೂ ನಡೆಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅದೇ ಸಿಲ್ವಾ ಅವರೊಂದಿಗೆ ಮತ್ತೆ ಇಳಿಸಿದರು, ಕೊರಳೆಲುಬು ಮುರಿಯಿತು. 2002ರ ಆಗಸ್ಟ್‌ನಲ್ಲಿ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಹೆವಿವೇಟ್ ಕಿಕ್‌ಬಾಕ್ಸರ್ ಮಿರ್ಕೊ ಕ್ರೊಕಾಪ್ ಎದುರು ಕಣ್ಣಿನ ಕೆಳಗಿನ ಮೂಳೆ ಮುರಿಯಿತು. 2003ರ ಆಗಸ್ಟ್‌ನಲ್ಲಿ ಮೂರನೆಯ ಬಾರಿ ಸಿಲ್ವಾ, ನಾಕೌಟ್. 85 ಕಿಲೋ ಆಸುಪಾಸಿನ ಮನುಷ್ಯನನ್ನು ಇಂಥ ಎದುರಾಳಿಗಳ ಮುಂದೆ ಮತ್ತೆ ಮತ್ತೆ ನಿಲ್ಲಿಸಿದ್ದು ಯಾರು? ಪಂದ್ಯ ಜೋಡಿಸುವವರು ಸಂಘಟಕರು. ಜಪಾನಿನಲ್ಲಿ ಡಿಸೆಂಬರ್ 31ರ ರಾತ್ರಿ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂರುತ್ತಾರೆ, ಆ ರಾತ್ರಿಯ ಪಂದ್ಯಾವಳಿಗಳಿಗೆ ಎಲ್ಲರಿಗೂ ಪರಿಚಿತವಾದ ಮುಖ ಬೇಕಿತ್ತು. 2003, 2005, 2006, 2007, 2008, 2010, ಈ ಎಲ್ಲ ವರ್ಷಗಳ ಡಿಸೆಂಬರ್ 31ರಂದು ಸಕುರಾಬಾ ರಿಂಗಿನಲ್ಲಿದ್ದರು.

ಒಂದು ಗೃಹಪ್ರವೇಶದಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ದೂರದ ನೆಂಟರ ಹುಡುಗನೊಬ್ಬ ಮೊಬೈಲ್ ಹಿಡಿದು ನನ್ನ ಪಕ್ಕ ಬಂದು ಕೂತ. "ಮಾವ, ನೀವು ಹೇಳ್ತಿರ್ತೀರಲ್ಲ, ಅವರೇ ಅಲ್ವಾ ಇವರು? ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?" ಎಂದ. ಅದು 2006ರ ಆಗಸ್ಟ್ 5ರ ಪಂದ್ಯ, ಲಿಥುವೇನಿಯಾದ ಕೆಸ್ತುತಿಸ್ ಸ್ಮಿರ್ನೊವಾಸ್ ಅವರ ಎದುರು. ಸಕುರಾಬಾ ಏಟಿನ ಮೇಲೆ ಏಟು ತಿನ್ನುತ್ತಿದ್ದಾರೆ, ಹಗ್ಗಗಳ ಬಳಿ ಸಿಕ್ಕಿಕೊಂಡಿದ್ದಾರೆ, ನೋಡುವ ಯಾರಿಗಾದರೂ ಇದು ಮುಗಿದ ಪಂದ್ಯ ಎಂದು ಗೊತ್ತಾಗುತ್ತದೆ. ಅಕ್ಕಪಕ್ಕದವರೂ ಇಣುಕಿ ನೋಡಿ "ಅಯ್ಯೋ ಪಾಪ" ಎಂದರು, ಒಬ್ಬರು "ದುಡ್ಡಿನ ಆಸೆ" ಎಂದೂ ತೀರ್ಪು ಕೊಟ್ಟರು. ತುಣುಕು ಅಲ್ಲಿಗೆ ಮುಗಿಯಿತು. ಮುಂದೇನಾಯಿತು ಗೊತ್ತಾ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅದೇ ಸುತ್ತಿನಲ್ಲಿ ಸಕುರಾಬಾ ಚೇತರಿಸಿಕೊಂಡು, ಎದುರಾಳಿಯನ್ನು ಕೆಡವಿ, ತೋಳಿನ ಪಟ್ಟು ಹಾಕಿ ಗೆದ್ದರು.

ಆ ಗೆಲುವನ್ನು ತೋರಿಸಿ ನೋಡಿ ಹೇಗೆ ಗೆದ್ದರು ಎಂದು ಎದೆಯುಬ್ಬಿಸುವುದು ನನಗೆ ಸುಲಭವಿತ್ತು. ಆದರೆ ನಾನು ಅದನ್ನು ಮಾಡಲಿಲ್ಲ, ಏಕೆಂದರೆ ಆ ಗೆಲುವು ನನಗೆ ಸಂತೋಷ ಕೊಡುವುದಿಲ್ಲ. ಆ ಪಂದ್ಯ ಅಷ್ಟು ದೂರ ಹೋಗಬಾರದಿತ್ತು. ಏಟು ತಿನ್ನುತ್ತಿರುವವನಿಗೆ ತಾನು ಎಷ್ಟು ಏಟು ತಿಂದೆ ಎಂಬ ಅಂದಾಜಿರುವುದಿಲ್ಲ; ಮಿದುಳಿಗೆ ಪೆಟ್ಟು ಬಿದ್ದಾಗ ಮೊದಲು ಕೆಡುವುದೇ ಆ ಅಂದಾಜು. ಅದಕ್ಕೆಂದೇ ಈ ಕ್ರೀಡೆಯಲ್ಲಿ ರಿಂಗಿನೊಳಗೆ ರೆಫರಿ ಇರುತ್ತಾರೆ, ರಿಂಗಿನ ಪಕ್ಕ ವೈದ್ಯರಿರುತ್ತಾರೆ, ಮೂಲೆಯಲ್ಲಿ ತಮ್ಮವರು ಟವೆಲ್ ಹಿಡಿದು ನಿಂತಿರುತ್ತಾರೆ. ಹೋರಾಟಗಾರ ಮುಂದುವರಿಯುತ್ತಾನೆ, ಉಳಿದ ಮೂವರು ನಿಲ್ಲಿಸುತ್ತಾರೆ. ಕೆಲಸವನ್ನು ಹಂಚಿರುವುದೇ ಹಾಗೆ. ಆ ಗೃಹಪ್ರವೇಶದಲ್ಲಿ ಇಣುಕಿ ನೋಡಿದವರಲ್ಲಿ ಒಬ್ಬರೂ, ಪಕ್ಕದಲ್ಲೇ ನಿಂತು ನೋಡುತ್ತಿದ್ದ ರೆಫರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಅದು: ನಿಲ್ಲಿಸಬೇಕಾದವರು ಯಾಕೆ ನಿಲ್ಲಿಸಲಿಲ್ಲ? ಹಾಗೆ ಕೇಳಿದವರಿಗೆ ನಾನು ಅದೇ ವರ್ಷದ ಡಿಸೆಂಬರ್ 31ರ ರಾತ್ರಿಯನ್ನು ತೋರಿಸುತ್ತೇನೆ. ಒಸಾಕಾದಲ್ಲಿ ಯೋಶಿಹಿರೊ ಅಕಿಯಾಮಾ ಅವರ ಎದುರು ಆಡುವಾಗ, ಹಿಡಿದ ಹಿಡಿತವೆಲ್ಲ ಜಾರುತ್ತಿದ್ದಂತೆ, ಈ ಮೈ ಜಾರುತ್ತಿದೆ ಎಂದು ಸಕುರಾಬಾ ಪಂದ್ಯದ ನಡುವೆಯೇ ರೆಫರಿಗೆ ಕೂಗಿ ಹೇಳಿದರು. ಪಂದ್ಯ ನಿಲ್ಲಲಿಲ್ಲ. ನೆಲಕ್ಕೆ ಬಿದ್ದ ಮೇಲೆ ಅವರ ಮೇಲೆ ಏಟುಗಳ ಮಳೆಯೇ ಸುರಿಯಿತು, ಸೋಲೆಂದು ಘೋಷಣೆಯಾಯಿತು. ಆಮೇಲೆ ವಿಚಾರಣೆ ನಡೆದು, ಅಕಿಯಾಮಾ ಮೈಗೆ ಕ್ರೀಮು ಹಚ್ಚಿಕೊಂಡಿದ್ದರೆಂದು ಹೊರಬಿದ್ದು, ಫಲಿತಾಂಶ ರದ್ದಾಯಿತು. ಯಾಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳುವ ಮನುಷ್ಯ ಅಂದು ನಿಲ್ಲಿಸಿ ಎಂದು ಕೇಳಿಕೊಂಡಿದ್ದರು! ಮುಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ರಾಯ್ಸ್ ಗ್ರೇಸಿ ಅಂಕಗಳ ಮೇಲೆ ಅವರನ್ನು ಸೋಲಿಸಿದರು, ಪಂದ್ಯದ ನಂತರದ ಪರೀಕ್ಷೆಯಲ್ಲಿ ರಾಯ್ಸ್ ನಿಷೇಧಿತ ಸ್ಟೆರಾಯ್ಡ್ ತೆಗೆದುಕೊಂಡಿದ್ದು ಪತ್ತೆಯಾಯಿತು. ಆದರೂ ಲೆಕ್ಕದಲ್ಲಿ ಅದು ಸಕುರಾಬಾ ಅವರ ಸೋಲಾಗಿಯೇ ಉಳಿದಿದೆ. 17 ಎಂದು ಬೆರಳು ಮಡಚುವವರು ಅದನ್ನೂ ಸೇರಿಸಿಯೇ ಎಣಿಸುತ್ತಾರೆ.

ನಿಲ್ಲಿಸಬೇಕಾದವರು ನಿಲ್ಲಿಸಿದ ಪಂದ್ಯಗಳೂ ಇವೆ. 2010ರ ಕೊನೆಯ ರಾತ್ರಿ ಮಾರಿಯಸ್ ಜರೋಮ್ಸ್ಕಿಸ್ ಎದುರು ಅವರ ಕಿವಿ ಹರಿದು ಜೋತಾಡುತ್ತಿದ್ದಾಗ ವೈದ್ಯರು ಪಂದ್ಯ ಮುಗಿಸಿದರು. 2015ರ ಡಿಸೆಂಬರ್ 29ರಂದು ಸೈತಾಮಾದಲ್ಲಿ, 46ನೆಯ ವಯಸ್ಸಿನಲ್ಲಿ, ಶಿನ್ಯಾ ಅಓಕಿ ಅವರ ಕೆಳಗೆ ಸಿಕ್ಕಿಬಿದ್ದು ಏಟು ತಿನ್ನುತ್ತಿದ್ದಾಗ ಮೂಲೆಯಿಂದ ಟವೆಲ್ ಬಂತು. ಆ ದಿನವೂ ರೆಫರಿ ಇನ್ನೂ ಮುಂಚೆಯೇ ಮುಗಿಸಬೇಕಿತ್ತು ಎಂಬುದು ನನ್ನ ನಿಲುವು. ಅದು ಅವರ ಕೊನೆಯ ಎಂಎಂಎ ಪಂದ್ಯ.

2017ರಲ್ಲಿ ಯುಎಫ್‌ಸಿ ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಯುಎಫ್‌ಸಿಯಲ್ಲಿ ಅವರು ಆಡಿದ್ದು ಯೊಕೊಹಾಮಾದ ಆ ಒಂದು ರಾತ್ರಿ ಮಾತ್ರ, ಅದೂ ರೆಫರಿ ತಪ್ಪಾಗಿ ನಿಲ್ಲಿಸಿದ ರಾತ್ರಿ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮರುವರ್ಷ ಅವರು ತಾವೇ ಆರಂಭಿಸಿದ ಕ್ವಿಂಟೆಟ್ ಎಂಬ ಪಂದ್ಯಾವಳಿ. ಐದೈದು ಜನರ ತಂಡಗಳು, ಗೆದ್ದವರು ಕಣದಲ್ಲೇ ಉಳಿದು ಮುಂದಿನವರನ್ನು ಎದುರಿಸಬೇಕು. ಗುದ್ದು, ಒದೆತ ಯಾವುದೂ ಇಲ್ಲ, ಬರೀ ಪಟ್ಟುಗಳು. ಐವರ ಒಟ್ಟು ತೂಕಕ್ಕೆ ಮಿತಿಯಿದೆ. ಒಂದು ಪಂದ್ಯಕ್ಕೆ 8 ನಿಮಿಷ. ಇಬ್ಬರ ನಡುವೆ 20 ಕಿಲೋಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ 4 ನಿಮಿಷ ಮಾತ್ರ. ದಪ್ಪನೆಯವರ ಎದುರು ವರ್ಷಗಟ್ಟಲೆ ನಿಂತವರು, ನಿಯಮ ಬರೆಯುವ ಅಧಿಕಾರ ತಮ್ಮ ಕೈಗೆ ಬಂದಾಗ, ಹಗುರದವನು ಅಷ್ಟು ಹೊತ್ತು ಅಲ್ಲಿ ನಿಲ್ಲಬೇಕಾಗಿಲ್ಲ ಎಂದು ಬರೆದರು.