ಅಕ್ಕನ ಲ್ಯಾಪ್‌ಟಾಪ್: ರ‍್ಯಾಮ್ ಹಾಕಿಸಬೇಕೇ, ಬೇಡವೇ?

ಶನಿವಾರ

ಅಕ್ಕನ ಲ್ಯಾಪ್‌ಟಾಪ್ ಮತ್ತೆ ನನ್ನ ಮೇಜಿಗೆ ಬಂದಿದೆ. 2017ರಲ್ಲಿ ಕೊಂಡದ್ದು. ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್ (ತೆರೆದಿಟ್ಟ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ), 1 ಟಿಬಿ ಹಾರ್ಡ್ ಡಿಸ್ಕ್. ಅವಳು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಪ್ರಶ್ನೆಪತ್ರಿಕೆಗಳೆಲ್ಲ ಇದರಲ್ಲಿಯೇ ತಯಾರಾಗುತ್ತವೆ. "ಆನ್ ಮಾಡಿ, ಕಾಫಿಗೆ ಹಾಲಿಟ್ಟು ಬಂದರೂ ಆ ಉಂಗುರ ಇನ್ನೂ ಸುತ್ತುತ್ತಲೇ ಇರುತ್ತದೆ" ಎಂಬುದು ಅವಳ ದೂರು. ರಿಪೇರಿ ಅಂಗಡಿಯವರೊಬ್ಬರು ಮುಚ್ಚಳವನ್ನೂ ಬಿಚ್ಚದೆ "ರ‍್ಯಾಮ್ ಸಾಲದು, 8 ಮಾಡಿಸಿಬಿಡಿ" ಎಂದರಂತೆ. ಇದ್ದರೂ ಇರಬಹುದು. ಆದರೆ ನಾಡಿ ಹಿಡಿಯದೆ ಬರೆದ ಮದ್ದಿಗೆ ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ.

ಮೊದಲು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕುಳಿತೆ. ಗುಂಡಿ ಒತ್ತಿದಲ್ಲಿಂದ ವರ್ಡ್ ಕಡತ ತೆರೆದು ಅಕ್ಷರ ಮೂಡುವವರೆಗೆ 4 ನಿಮಿಷ 10 ಸೆಕೆಂಡ್. ಮೂರು ಸಲ ಅಳೆದರೂ ಹತ್ತು ಸೆಕೆಂಡ್ ಆಚೀಚೆ, ಅಷ್ಟೆ. ಇದನ್ನು ಬರೆದಿಟ್ಟುಕೊಂಡಿದ್ದೇನೆ, ಕಾಸು ಖರ್ಚು ಮಾಡಿದವನ ಕಣ್ಣಿಗೆ ಎಲ್ಲವೂ ವೇಗವಾಗಿಯೇ ಕಾಣುತ್ತದೆ.

ಶನಿವಾರ ರಾತ್ರಿ

ಏನನ್ನೂ ತೆರೆಯದೆ ಟಾಸ್ಕ್ ಮ್ಯಾನೇಜರ್ ನೋಡಿದೆ. ರ‍್ಯಾಮ್ 3.9 ಜಿಬಿಯಲ್ಲಿ 2.2 ಮಾತ್ರ ಬಳಕೆಯಲ್ಲಿದೆ, ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಕುಳಿತಿದೆ, ಡಿಸ್ಕ್ ಮಾತ್ರ 100 ಪ್ರತಿಶತದಲ್ಲಿ ಏದುಸಿರು ಬಿಡುತ್ತಿದೆ.

ಇಲ್ಲೊಂದು ತೊಡಕಿದೆ. ರ‍್ಯಾಮ್ ಸಾಲದಿದ್ದಾಗ ಸಿಸ್ಟಂ ತನ್ನ ಹೊರೆಯನ್ನು ಡಿಸ್ಕಿನಲ್ಲಿರುವ ಪೇಜ್ ಫೈಲಿಗೆ ಇಳಿಸುತ್ತದೆ. ಆಗಲೂ ಡಿಸ್ಕ್ 100 ಎಂದೇ ತೋರಿಸುತ್ತದೆ. ಜ್ವರ ಒಂದೇ, ಕಾಯಿಲೆ ಎರಡು. ಬಿಡಿಸಿ ನೋಡಲು ರಿಸೋರ್ಸ್ ಮಾನಿಟರ್‌ನಲ್ಲಿ 'ಹಾರ್ಡ್ ಫಾಲ್ಟ್ಸ್' ಎಂಬ ಗ್ರಾಫ್ ಇದೆ, ಬೇಕಾದದ್ದು ರ‍್ಯಾಮಿನಲ್ಲಿ ಸಿಗದೆ ಡಿಸ್ಕಿಗೆ ಹೋದ ಸಲಗಳ ಎಣಿಕೆ. ಪ್ರೋಗ್ರಾಂ ಮೊದಲ ಬಾರಿ ತೆರೆದುಕೊಳ್ಳುವಾಗಲೂ ಅದು ಏರುವುದುಂಟು. ಏರಿದ್ದು ಇಳಿಯದೆ ನಿಂತರೆ ಮಾತ್ರ ರ‍್ಯಾಮಿನ ಮೇಲೆ ಅನುಮಾನ ಪಡಬೇಕು. ಬ್ರೌಸರಿನಲ್ಲಿ 15 ಟ್ಯಾಬ್, ಜೊತೆಗೆ ವರ್ಡ್ ತೆರೆದೆ. ಗ್ರಾಫ್ ಏರಿತು, ಇಳಿಯಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಲು 18 ಸೆಕೆಂಡ್ ಬೇಕಾಯಿತು. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ.

ಆದರೂ ಏನೂ ತೆರೆಯದಿದ್ದಾಗಿನ ಆ 100? ಈ ಡಿಸ್ಕ್ ತಿರುಗುವುದು ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸುಮಾರು 5.5 ಮಿಲಿಸೆಕೆಂಡ್. ಆ ತಲೆ ಅತ್ತಿತ್ತ ಸರಿಯುವುದಕ್ಕೆ ಅದರ ಎರಡರಷ್ಟು. ಲೆಕ್ಕ ಹಾಕಿದರೆ ಚದುರಿಬಿದ್ದ ಚೂರುಗಳಾದರೆ ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಸಿಕ್ಕಾವು. ಆನ್ ಆಗುವಾಗ ಬೇಕಾಗುವುದು ಅಂಥ ಸಾವಿರಾರು ಚೂರುಗಳು. ಎಷ್ಟೇ ರ‍್ಯಾಮ್ ಇದ್ದರೂ ಮೊದಲ ಸಲ ಎಲ್ಲವೂ ಡಿಸ್ಕಿನಿಂದಲೇ ಬರಬೇಕಲ್ಲ.

ಭಾನುವಾರ

ಗೆಳೆಯನ ಕೆಟ್ಟುಹೋದ ಲ್ಯಾಪ್‌ಟಾಪಿನಿಂದ 4 ಜಿಬಿಯ ರ‍್ಯಾಮ್ ಕಡ್ಡಿಯೊಂದನ್ನು ಬಿಚ್ಚಿ ತಂದೆ. ಅದರಲ್ಲೂ ಇದೇ ಪ್ರೊಸೆಸರ್ ಇದ್ದುದರಿಂದ ಹೊಂದಿಕೊಳ್ಳುತ್ತದೆ ಎಂದುಕೊಂಡಿದ್ದೆ. ಹನ್ನೊಂದು ಸ್ಕ್ರೂ ಕಳಚಿ, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಅಂಚನ್ನು ಮೀಟಿ, ಬ್ಯಾಟರಿಯ ತಂತಿ ಬಿಡಿಸಿ, ಖಾಲಿ ಸ್ಲಾಟಿಗೆ ಹಿಡಿದರೆ ಕಚ್ಚು ಕೂರುವುದೇ ಇಲ್ಲ. ತಂದದ್ದು ಹಿಂದಿನ ತಲೆಮಾರಿನ ಡಿಡಿಆರ್3ಎಲ್, 204 ಪಿನ್. ಇಲ್ಲಿ ಬೇಕಾದದ್ದು ಡಿಡಿಆರ್4, 260 ಪಿನ್. 6006ಯು ಎರಡನ್ನೂ ಒಪ್ಪುವ ಪ್ರೊಸೆಸರ್. ಯಾವುದೆಂದು ತೀರ್ಮಾನಿಸುವುದು ಮದರ್‌ಬೋರ್ಡ್. ಒಳಗಿನ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್‌ನಲ್ಲಿ ಒಮ್ಮೆ ಕಣ್ಣಾಡಿಸಿದ್ದರೆ ಭಾನುವಾರ ಉಳಿಯುತ್ತಿತ್ತು.

ಸೋಮವಾರ

ಪರಿಚಯದ ಅಂಗಡಿಯವರು ಒಳ್ಳೆಯವರು. "ಹಾಕಿ ನೋಡಿ ಸರ್, ಬೇಡವಾದರೆ ನಾಳೆ ಸಂಜೆಯೊಳಗೆ ತಂದುಕೊಡಿ, ಸ್ಟಿಕ್ಕರ್ ಮಾತ್ರ ಕೀಳಬೇಡಿ" ಎಂದು ಡಿಡಿಆರ್4 ಕಡ್ಡಿಯೊಂದನ್ನು ಕೊಟ್ಟರು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೆ ನಿಂತಿತು, ಎದೆ ಧಸಕ್ಕೆಂದಿತು. ನೋಡಿದರೆ ಚಿನ್ನದ ಬಣ್ಣದ ಪಟ್ಟಿ ಕೂದಲೆಳೆಯಷ್ಟು ಹೊರಗೇ ಇತ್ತು. ಓರೆಯಾಗಿ ಹಿಡಿದು ಪೂರ್ತಿ ಒಳಗೆ ತಳ್ಳಿ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಿಕ್ ಎಂದವು.

8 ಜಿಬಿಯಲ್ಲಿ ಅಳತೆ: ಆನ್ ಆಗಿ ವರ್ಡ್ ತೆರೆಯಲು 3 ನಿಮಿಷ 55 ಸೆಕೆಂಡ್. ಉಳಿತಾಯವಾದದ್ದು ಬರೀ ಹದಿನೈದು ಸೆಕೆಂಡ್! ಆದರೆ ಟ್ಯಾಬುಗಳ ಕಾಟ 18ರಿಂದ 3 ಸೆಕೆಂಡಿಗೆ ಇಳಿದಿದೆ.

ಅಕ್ಕನಿಗೆ ಫೋನ್ ಮಾಡಿ, ಯಾವುದು ಹೆಚ್ಚು ಕಾಟ ಎಂದು ಕೇಳಿದೆ. "ಆನ್ ಆಗುವುದೇ ಕಾಟ. ಹದಿನೈದು ಟ್ಯಾಬ್ ತೆರೆದಿಡುವುದು ನಾನಲ್ಲ ಮಾರಾಯ, ನೀನು" ಎಂದಳು. ನಿಜ. ಅಳೆದದ್ದು ಅವಳ ಯಂತ್ರವನ್ನು, ನನ್ನ ಚಾಳಿಯಿಂದ.

ಮಂಗಳವಾರ

ಕಡ್ಡಿಯನ್ನು ಮರಳಿಸಿ, 480 ಜಿಬಿಯ ಎಸ್‌ಎಸ್‌ಡಿ ತಂದೆ, ತಿರುಗುವ ತಟ್ಟೆಯಾಗಲಿ ಸರಿಯುವ ತಲೆಯಾಗಲಿ ಇಲ್ಲದ ಡಿಸ್ಕ್. ಹಳೆಯದರ ಜಾಗದಲ್ಲಿಯೇ ಕೂರುವ 2.5 ಇಂಚಿನ ಸಾಟಾ ಮಾದರಿ. ಇನ್ನೊಂದು ಲೆಕ್ಕವೂ ತಲೆಯಲ್ಲಿತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಲಿನಕ್ಸ್ ಹಾಕಿಯೋ ಹೇಗೋ ಇನ್ನೆರಡು ವರ್ಷ ದೂಡಿದರೂ ಆಮೇಲೆ ಯಂತ್ರ ಮೂಲೆ ಸೇರುತ್ತದೆ. ಆಗ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಬಳಸಬಹುದು. ಡಿಡಿಆರ್4 ಕಡ್ಡಿಯಾದರೋ ಹೊಸ ತಲೆಮಾರಿನ ಡಿಡಿಆರ್5 ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ.

ಬುಧವಾರ

ರಾತ್ರಿಯಿಡೀ ಹಳೆಯ ಡಿಸ್ಕಿನಿಂದ ಹೊಸದಕ್ಕೆ ನಕಲು ನಡೆಯಿತು. ಡಿಸ್ಕ್ ಬದಲಿಸಿ ಗುಂಡಿ ಒತ್ತಿದೆ: ವರ್ಡ್‌ನಲ್ಲಿ ಅಕ್ಷರ ಮೂಡುವವರೆಗೆ 41 ಸೆಕೆಂಡ್. ಅದೇ 4 ಜಿಬಿ ರ‍್ಯಾಮಿನಲ್ಲಿ 15 ಟ್ಯಾಬಿನ ಪರೀಕ್ಷೆಗೆ 6 ಸೆಕೆಂಡ್. ಪೇಜ್ ಫೈಲೂ ಈಗ ಎಸ್‌ಎಸ್‌ಡಿಯಲ್ಲಿಯೇ ಇದೆಯಲ್ಲ. ಎರಡನೆಯ ಸ್ಲಾಟ್ ಸದ್ಯಕ್ಕೆ ಖಾಲಿಯೇ ಇರಲಿ.

ಹಳೆಯ ಡಿಸ್ಕನ್ನು ಎರಡು ವಾರ ಅಳಿಸದೆ ಬೀರುವಿನಲ್ಲಿ ಇಡುತ್ತೇನೆ. ಪ್ರಶ್ನೆಪತ್ರಿಕೆಗಳೆಲ್ಲ ಸರಿಯಾಗಿ ತೆರೆಯುತ್ತವೆಯೇ ಎಂದು ಅಕ್ಕನೇ ನೋಡಿ ಹೇಳಬೇಕು.