ಕಪ್ಪತಗುಡ್ಡದ ಮಡಿಕೆಗಲ್ಲು

ಗದಗಿನಲ್ಲಿ ಕಳೆದ ಮೂರು ದಿನಗಳಲ್ಲಿ ಎರಡು ದಿನ ವೀರನಾರಾಯಣ ಗುಡಿ, ಲಕ್ಕುಂಡಿ ಎಂದು ಎಲ್ಲರೂ ನೋಡುವುದನ್ನೇ ನೋಡಿದೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಬರೆಯಲು ಕುಳಿತದ್ದು ಮೂರನೆಯ ದಿನ ಡೋಣಿಯ ಕಡೆಯಿಂದ ಕಪ್ಪತಗುಡ್ಡ ಹತ್ತುವಾಗ ಕಂಡ ಒಂದು ಬಂಡೆಗಾಗಿ. ಮೊಣಕಾಲೆತ್ತರದ ಆ ಕಲ್ಲಿನಲ್ಲಿ ಕಬ್ಬಿಣದ ಕೆಂಗಪ್ಪು ಪಟ್ಟೆ, ಅದರ ಮೇಲೊಂದು ಬೆಳ್ಳನೆಯ ಪಟ್ಟೆ, ಹೀಗೆ ಬೆರಳಗಲದ ಪದರಗಳಿದ್ದವು; ಅಷ್ಟೂ ಪದರಗಳು ಎಲ್ಲಿಯೂ ತುಂಡಾಗದೆ ಸೀರೆಯ ನಿರಿಗೆಯಂತೆ ಬಾಗಿ ತಿರುಗಿದ್ದವು. ಗಾಳಿಯಂತ್ರಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದವರು ಅದರ ಮೇಲೆಯೇ ಚೀಲ ಇಟ್ಟಿದ್ದರು.

ಜೊತೆಗೆ ಬಂದಿದ್ದ, ಭೂವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು ಈ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸೆಂದರು. ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡುಗಳಾದ ಭೂಫಲಕಗಳು ಸಮುದ್ರದ ಕೆಳಗೆ ಒಂದರಡಿ ಒಂದು ಮುಳುಗುತ್ತವೆಂದು ಕೇಳಿದ್ದೆ; ಹಾಗೆ ಮುಳುಗಿದ ಫಲಕವೆಂದರೆ ಇದೇನಾ ಎಂದು ಕೇಳಿದೆ. “ಅಲ್ರೀ, ಮುಳುಗಿದ್ದು ಕಣ್ಣಿಗೆ ಬೀಳೂದಿಲ್ಲ. ಇದು ಮ್ಯಾಲಿನ ತೊಗಟಿಯೊಳಗಿನ ಮಡಿಕಿ,” ಎಂದು ನೆರಳಿಗೆ ಕುಳಿತು ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿಯೊಂದನ್ನು ಬಾಗಿಸಿದರು, ಚಟ್ಟನೆ ಮುರಿಯಿತು. ಬಿಸಿರೊಟ್ಟಿಯನ್ನು ಬಾಗಿಸಿದರು, ಮಡಿಚಿಕೊಂಡಿತು. “ಮುಳುಗೋ ಫಲಕ ಎರಡೂ ಹೌದ್ರಿ,” ಎಂದರು.

ಮುಂದಿನ ಒಂದು ತಾಸು ನಾವು ಅಲ್ಲಿಂದ ಏಳಲೇ ಇಲ್ಲ; ಮಾಸ್ತರರು ಅದನ್ನು ಬಿಡಿಸಿ ಹೇಳಿದರು. ಸಾಗರದ ಕಂದಕದ ಬಳಿ ಫಲಕ ಕೆಳಕ್ಕೆ ಬಾಗುವಾಗ ಅದರ ತಣ್ಣಗಿನ ಮೇಲ್ಭಾಗ ಹಿಗ್ಗಿ ಬಿರಿದು ಸ್ತರಭಂಗಗಳು, ಅಂದರೆ ಕಲ್ಲು ಸೀಳಿ ಜಾರಿದ ಬಿರುಕುಗಳು, ಆಗುತ್ತವೆ. ಅದರಡಿಯ ಬಿಸಿಭಾಗ ಬಿರಿಯುವುದಿಲ್ಲ, ಆದರೆ ಅಲ್ಲಿನ ಆಲಿವಿನ್ ಎಂಬ ಖನಿಜದ ಹರಳುಗಳು ಸಣ್ಣ ಕಣಗಳಾಗಿ ನುರಿದು ಮೆತ್ತಗಾಗುತ್ತವೆ. ಹೀಗೆ ದುರ್ಬಲವಾದ ಕಡೆಗಳಲ್ಲಿ ಫಲಕವು ಕೀಲು ಕೀಲಾಗಿ ತುಂಡರಿಸಿದರೂ ತುಂಡುಗಳು ಒಂದನ್ನೊಂದು ಬಿಡುವುದಿಲ್ಲವೆಂದು, ಆದ್ದರಿಂದಲೇ ಮುಳುಗಿದ ಭಾಗ ಹಿಂದಿನ ಫಲಕವನ್ನು ಎಳೆಯುತ್ತಲೇ ಇರಬಲ್ಲದೆಂದು 2021ರಲ್ಲಿ ಭೂವಿಜ್ಞಾನಿ ತಾರಾಸ್ ಗೆರ್ಯಾ ಮತ್ತು ಸಂಗಡಿಗರ ಕಂಪ್ಯೂಟರ್ ಮಾದರಿಗಳು ತೋರಿಸಿದವು.

ಸುಮಾರು 410 ಕಿಲೋಮೀಟರ್ ಆಳದಲ್ಲಿ ಆಲಿವಿನ್ ಹೆಚ್ಚು ಸಾಂದ್ರವಾದ ರೂಪ ತಾಳಿ ಮುಳುಗುವಿಕೆಗೆ ನೆರವಾಗುತ್ತದೆ. 660 ಕಿಲೋಮೀಟರ್ ಹತ್ತಿರ ಆಗುವ ಇನ್ನೊಂದು ಮಾರ್ಪಾಡು ಅದಕ್ಕೆ ತಡೆಯೊಡ್ಡುತ್ತದೆ, ಅಲ್ಲಿಂದ ಕೆಳಗಿನ ಮ್ಯಾಂಟಲ್, ಅಂದರೆ ತೊಗಟೆಯಡಿಯ ದಪ್ಪ ಶಿಲಾಪದರದ ಕೆಳಭಾಗ, ಕೂಡ ಹೆಚ್ಚು ಗಟ್ಟಿ. ಅಲ್ಲಿ ಜಪಾನಿನ ಕೆಳಗೆ ಮುಳುಗಿದ ಫಲಕವು ಈಶಾನ್ಯ ಚೀನಾದ ತಳದವರೆಗೆ ಅಡ್ಡಡ್ಡ ಮಲಗಿದೆ. ಕೆಲವು ಫಲಕಗಳು ತಟ್ಟೆಗೆ ಸುರಿದ ಬೆಲ್ಲದ ಪಾಕದಂತೆ ಮಡಿಕೆ ಮಡಿಕೆಯಾಗಿ ಕೂಡುತ್ತವೆ. ಕೆಲವು ತೂರಿಕೊಂಡು ಇನ್ನೂ ಕೆಳಗಿಳಿಯುತ್ತವೆ. ಅಷ್ಟು ಆಳದಲ್ಲಿಯೂ ಅವು ಕಂಪಿಸುತ್ತವೆ: 2013ರ ಮೇ 24ರಂದು ಓಖೋಟ್‌ಸ್ಕ್ ಸಮುದ್ರದಡಿ ಸುಮಾರು 600 ಕಿಲೋಮೀಟರ್ ಆಳದಲ್ಲಿ ಆದ 8.3 ತೀವ್ರತೆಯ ಭೂಕಂಪ ಮಾಸ್ಕೋದವರೆಗೂ ಅನುಭವಕ್ಕೆ ಬಂದಿತ್ತು.

ನನ್ನನ್ನು ನಿಜಕ್ಕೂ ಅಲ್ಲಾಡಿಸಿದ್ದು ಮಾಸ್ತರರು ಕೈ ತೊಳೆಯುತ್ತ ಹೇಳಿದ ಮಾತು. ಹಿಮಾಲಯ ಏಳುವ ಮೊದಲು ಇದ್ದ ಟೆಥಿಸ್ ಸಾಗರದ ತಳ ಈಗ ಭಾರತದ ಕೆಳಗೆ, ಸಾವಿರ ಕಿಲೋಮೀಟರಿಗೂ ಆಚೆಯ ಆಳದಲ್ಲಿದೆ; ಭೂಕಂಪದ ಅಲೆಗಳು ಅಲ್ಲಿ ತುಸು ವೇಗವಾಗಿ ಸಾಗುವುದರಿಂದ ಅದರ ಗುರುತು ಸಿಕ್ಕಿದೆ. ಅದು ಮುಳುಗುತ್ತಿದ್ದಂತೆ ನಮ್ಮ ನೆಲವೇ ಉತ್ತರಕ್ಕೆ ಸರಿದು ಅದನ್ನು ದಾಟಿ ಬಂದಿದೆ. ಸ್ವಲ್ಪ ಹೊತ್ತು ನಾನು ಕಾಲೂರಿದ ಕಲ್ಲನ್ನೇ ನೋಡುತ್ತ ಕುಳಿತೆ.

ಹೋಗುವವರಿಗೆ ಒಂದು ಮಾತು: ಇದು ವನ್ಯಜೀವಿ ಧಾಮ, ಸುತ್ತಿಗೆ ಒಯ್ಯಬೇಡಿ, ನೀರು ಒಯ್ಯಿರಿ, ಮುಖ್ಯವಾಗಿ, ಗಟ್ಟಿ ಬೂಟು ಹಾಕಿಕೊಳ್ಳಿ. ಹಿಂದಿನ ದಿನವಷ್ಟೇ ಅಂಗಡಿಯವನೊಬ್ಬ “ಗುಡ್ಡಕ್ಕೂ ನಡೀತೈತ್ರಿ” ಎಂದು ಒಂಬೈನೂರು ರೂಪಾಯಿಗೆ ಕೊಟ್ಟ ಚಪ್ಪಲಿಯ ಅಟ್ಟೆ ಇಳಿಯುವಾಗ ಬಿರಿಯಿತು. ಮಾಸ್ತರರು ಅದನ್ನು ತಿರುಗಿಸಿ ನೋಡಿ, ಬಿರುಕು ಬಿಟ್ಟದ್ದು ಬೆರಳಿನ ಬುಡದಲ್ಲಿ, ಬಾಗಿದಾಗ ಹಿಗ್ಗುವ ಹೊರಮೈಯಲ್ಲಿಯೇ ಎಂದು ತೋರಿಸಿ ಬಹಳ ಹೊತ್ತು ನಕ್ಕರು; ನನಗೆ ನಗು ಬರಲಿಲ್ಲ.