ಫಿಶ್ ಟ್ಯಾಂಕ್ ಒಡೆದು ಮನೆ ಹಾಳಾದರೆ ದುಡ್ಡು ಯಾರನ್ನು ಕೇಳಬೇಕು?

ಮೀನು ಸಾಕುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಟ್ಯಾಂಕ್ ಬಿಟ್ಟುಕೊಂಡು ನೀರೆಲ್ಲ ಹಾಲ್‌ಗೆ ಹರಿದಿದೆ, ಮರದ ಫ್ಲೋರಿಂಗ್ ಉಬ್ಬಿದೆ, ಕೆಳಗಿನ ಫ್ಲ್ಯಾಟಿನವರ ಸೀಲಿಂಗ್ ನೆನೆದಿದೆ. ಖರ್ಚು ಯಾರು ಕೊಡಬೇಕು?" ಟ್ಯಾಂಕ್ ಯಾಕೆ ಹೋಯಿತು ಅನ್ನುವುದು ಗೊತ್ತಾದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಅದನ್ನು ಹೇಳಬಲ್ಲ ಗಾಜನ್ನೇ ಹೆಚ್ಚಿನವರು ಮರುದಿನ ಕಸದ ಗಾಡಿಗೆ ಹಾಕಿಬಿಟ್ಟಿರುತ್ತಾರೆ.

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಅಂದರೆ ಸುಮಾರು 250 ಲೀಟರ್ ನೀರು. ಒದ್ದೆ ನೆಲಕ್ಕೆ ಕಾಲಿಡುವ ಮೊದಲು ಕರೆಂಟಿನ ಎಂಸಿಬಿ ಸ್ವಿಚ್ ಇಳಿಸಿ. ಮೀನುಗಳನ್ನು ಬಕೆಟ್ಟಿಗೆ ಹಾಕಿ. ನೆಲ ಒರೆಸುವ ಮುಂಚೆ ಇಡೀ ಕೋಣೆಯ ವಿಡಿಯೊ ಮಾಡಿ. ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಫೋಟೊ ತೆಗೆಯಿರಿ. ಅಂಗಡಿಯವರು ಮೊದಲು ಎತ್ತುವ ಆಕ್ಷೇಪವೇ "ನಿಮ್ಮ ಸ್ಟ್ಯಾಂಡ್ ಸಮ ಇರಲಿಲ್ಲ" ಅನ್ನುವುದು.

ಆಮೇಲೆ ಗಾಜಿನ ಅಂಚು ನೋಡಿ. ಸಿಲಿಕೋನ್ ರಿಬ್ಬನ್ನಿನಂತೆ ಇಡಿಯಾಗಿ ಕಿತ್ತುಬಂದು, ಅದು ಇದ್ದ ಜಾಗದಲ್ಲಿ ಗಾಜು ನುಣ್ಣಗೆ ಹೊಳೆಯುತ್ತಿದ್ದರೆ ಅಂಟು ಗಾಜಿಗೆ ಕಚ್ಚಿಕೊಂಡೇ ಇರಲಿಲ್ಲ. ಎಣ್ಣೆ, ಧೂಳು ಒರೆಸದೆ ಹಚ್ಚಿದಾಗ, ಇಲ್ಲವೇ ಹಳೇ ಸಿಲಿಕೋನ್ ಮೇಲೆ ಹೊಸದನ್ನು ಬಳಿದಾಗ ಹೀಗಾಗುತ್ತದೆ. ಇದು ಕಟ್ಟಿದವರ ತಪ್ಪಿನತ್ತ ಬೆರಳು ತೋರಿಸುವ ಗಟ್ಟಿ ಸುಳಿವು. ಸಿಲಿಕೋನ್ ಎರಡೂ ಗಾಜಿಗೆ ಅಂಟಿಕೊಂಡೇ ನಡುವೆ ಹರಿದಿದ್ದರೆ ಅಂಟು ತೆಳುವಾಗಿತ್ತು, ಹಳತಾಗಿತ್ತು ಅಥವಾ ಟ್ಯಾಂಕ್ ತಿರುಚಿಕೊಂಡಿತ್ತು. ತಳದ ಗಾಜಿನ ಅಂಚಿನಿಂದ ಬಿರುಕು ಹೊರಟಿದ್ದರೆ, ಅಡಿಯಲ್ಲಿ ಕಲ್ಲಿನ ಚೂರು ಸಿಕ್ಕಿತ್ತೇ, ಫ್ರೇಮ್ ಇಲ್ಲದ ಟ್ಯಾಂಕಿನಡಿ ಥರ್ಮೊಕೋಲ್ ಹಾಸದೆ ಬಿಟ್ಟಿತ್ತೇ ಎಂದು ನೋಡಿ. ಗಾಜು ನೆಟ್ಟಗಿದ್ದೂ ನೀರು ಹೋಗಿದ್ದರೆ, ಕರೆಂಟ್ ಹೋದಾಗ ಪೈಪಿನಿಂದ ನೀರು ಹಿಂದಕ್ಕೆ ಎಳೆದು ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ತುಂಬಿ ಹರಿದಿರಬಹುದು. ಆ ಪ್ಲಂಬಿಂಗ್ ಅಂಗಡಿಯವರೇ ಮಾಡಿದ್ದರೆ ಅದು ಸೇವೆಯ ಲೋಪ. ನೀವೇ ಮಾಡಿಕೊಂಡಿದ್ದರೆ ಆ ದಾರಿ ಮುಚ್ಚಿತು.

ಸಿಲಿಕೋನ್ ಕೆರೆಯಬೇಡಿ. ಚೂರುಗಳ ಮೇಲೆ ಮೇಲ್ಭಾಗ, ಹೊರಭಾಗ ಎಂದು ಮಾರ್ಕರಿನಲ್ಲಿ ಬರೆದು ರಟ್ಟಿನ ಪೆಟ್ಟಿಗೆಯಲ್ಲಿಡಿ. ದೋಷ ಪತ್ತೆಗೆ ಪರೀಕ್ಷೆ ಬೇಕೆನಿಸಿದರೆ ಗ್ರಾಹಕರ ದೂರು ವಿಚಾರಿಸುವ ಗ್ರಾಹಕರ ಆಯೋಗ ಮಾದರಿಯನ್ನು ಲ್ಯಾಬಿಗೆ ಕಳಿಸಬಹುದು. ಕಳಿಸಲು ವಸ್ತು ಇರಬೇಕಲ್ಲ!

ನಮ್ಮ ಊರುಗಳ ಬಹಳಷ್ಟು ಟ್ಯಾಂಕ್‌ಗಳು ಅಂಗಡಿಯಲ್ಲೇ ಗಾಜು ಕತ್ತರಿಸಿ ಕಟ್ಟಿದವು. ಹಾಗೆ ಕಟ್ಟಿಕೊಟ್ಟವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರೀ ಮಾರಾಟಗಾರನಲ್ಲ, ತಯಾರಕ. ದೋಷದಿಂದ ನಿಮ್ಮ ಬೇರೆ ಆಸ್ತಿಗೆ ಆದ ಹಾನಿಗೆ 84ನೇ ಕಲಮಿನಡಿ ಅವನು ಹೊಣೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಹೊಣೆಗಾರಿಕೆಯೊಳಗೆ ಟ್ಯಾಂಕಿನ ಬೆಲೆ ಬರುವುದಿಲ್ಲ, ವಾರಂಟಿ ಮುರಿದದ್ದರಿಂದಾದ ಆಸ್ತಿ ಹಾನಿಯೂ ಬರುವುದಿಲ್ಲ. ಆದ್ದರಿಂದ ದೂರಿನಲ್ಲಿ ವಾರಂಟಿಗಿಂತ ತಯಾರಿಕೆಯ ದೋಷವನ್ನೇ ಮುಂದಿಡಿ. ಟ್ಯಾಂಕಿನ ಹಣ ವಾಪಸನ್ನು ದೋಷಯುಕ್ತ ಸರಕು ಎಂದು ಬೇರೆಯಾಗಿ ಕೇಳಿ.

ಮೊದಲು ಲಿಖಿತ ನೋಟಿಸ್ ಕೊಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಮೇಲೆ ನೀವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಟ್ಯಾಂಕಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು 2 ವರ್ಷ. ಬಿಲ್ ಇಲ್ಲದಿದ್ದರೆ ಯುಪಿಐ ಪಾವತಿಯ ದಾಖಲೆ, ಅಳತೆ ಮಾತಾಡಿದ ವಾಟ್ಸಾಪ್ ಮೆಸೇಜುಗಳನ್ನು ತೆಗೆದಿಡಿ.

ನಷ್ಟದ ಲೆಕ್ಕ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಪಾರ್ಟಿಕಲ್ ಬೋರ್ಡಿನ ಕಪಾಟು, ಲ್ಯಾಮಿನೇಟ್ ನೆಲ ನಿಧಾನಕ್ಕೆ ಉಬ್ಬುತ್ತವೆ. ಕೆಳಮನೆಯ ಜಿಪ್ಸಂ ಸೀಲಿಂಗಿನ ಕಲೆ ಒಣಗಿದ ಮೇಲೆ ಎದ್ದು ಕಾಣುತ್ತದೆ. ಅದೇ ಜಾಗದ ಫೋಟೊವನ್ನು ಮೊದಲ, ಮೂರನೇ, ಏಳನೇ ದಿನ ತೆಗೆಯಿರಿ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು. ಎಸ್ಟಿಮೇಟಿನಲ್ಲಿ ಚದರ ಅಡಿ, ಸಾಮಾನು, ಕೂಲಿ, ಜಿಎಸ್‌ಟಿ ಬೇರೆ ಬೇರೆ ಇರಲಿ. ಒಟ್ಟು ಮೊತ್ತ ಮಾತ್ರ ಬರೆದ ಚೀಟಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಕೆಳಗಿನವರಿಗೆ ನೀವು ರಿಪೇರಿ ಮಾಡಿಸಿಕೊಟ್ಟರೆ ಅದರ ರಸೀದಿಯನ್ನೂ ಸೇರಿಸಿ ಕೇಳಿ.

ಗೃಹ ವಿಮೆ ಇದ್ದರೆ ತಕ್ಷಣ ಕಂಪನಿಗೆ ತಿಳಿಸಿ, ನಷ್ಟ ಅಳೆಯಲು ಬರುವ ಸರ್ವೇಯರ್ ನೋಡುವ ತನಕ ಏನನ್ನೂ ಬಿಸಾಡಬೇಡಿ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕ್, ಉಪಕರಣ, ಪೈಪುಗಳು ಒಡೆದು ಅಥವಾ ಉಕ್ಕಿ ಆಗುವ ಹಾನಿ ಸೇರಿದೆ. ಅಕ್ವೇರಿಯಂ ಇದರಲ್ಲಿ ಬರುವುದಿಲ್ಲ ಎಂದು ಕಂಪನಿ ವಾದಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದರ ವಿರುದ್ಧ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, ಅಲ್ಲೂ ಒಪ್ಪದಿದ್ದರೆ ವಿಮೆ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಖರ್ಚಿಲ್ಲ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು ಅಷ್ಟೆ. ಪಕ್ಕದ, ಕೆಳಗಿನ ಮನೆಯವರ ನಷ್ಟ ಈ ಪಾಲಿಸಿಯೊಳಗೆ ಬರುವುದಿಲ್ಲ.

ವಿಮೆ ದುಡ್ಡು ಕೊಟ್ಟ ಮೇಲೆ ಅಷ್ಟು ಮೊತ್ತವನ್ನು ಅಂಗಡಿಯಿಂದ ವಸೂಲು ಮಾಡುವ ಹಕ್ಕು ವಿಮಾ ಕಂಪನಿಗೆ ಹೋಗುತ್ತದೆ. ಹೀಗಾಗಿ ಅಂಗಡಿಯವನು ಹತ್ತು ಸಾವಿರ ಕೈಗಿಟ್ಟು "ಇನ್ನೇನೂ ಬಾಕಿಯಿಲ್ಲ" ಎಂಬ ಕಾಗದ ಮುಂದೆ ಹಿಡಿದರೆ, ವಿಮಾ ಕಂಪನಿಯನ್ನು ಕೇಳದೆ ಅದಕ್ಕೆ ಸಹಿ ಹಾಕಬೇಡಿ.